ಸಹಾಯ ಬೇಕು: ಲೈನ್‌ಮನೆಯವರು, ತೋಟದವರು ಒಟ್ಟಿಗೆ ಕೂತು ಮಾತಾಡುವುದಕ್ಕೆ

ಎಲ್ಲರಿಗೂ ನಮಸ್ಕಾರ. ಕೊಡಗಿನ ಪೊನ್ನಂಪೇಟೆ ತಾಲೂಕಿನ ನಮ್ಮ ಊರಲ್ಲಿ ಮಾತುಕತೆ ನಡೆಸಿಕೊಡಲು ಒಬ್ಬರು ಬೇಕಾಗಿದ್ದಾರೆ.

ಜನವರಿಯಿಂದ ಮಾರ್ಚ್‌ವರೆಗೆ ರೋಬಸ್ಟಾ ಕಾಫಿ ಕೊಯ್ಲು. ಆಗ ಲೈನ್‌ಮನೆಯ (ತೋಟದ ಕೂಲಿಯವರ ಸಾಲುಮನೆ) ಯರವ ಬುಡಕಟ್ಟಿನ ಮಕ್ಕಳು ಶಾಲೆ ಬಿಟ್ಟು ತೋಟಕ್ಕೆ ಹೋಗುತ್ತಾರೆ. ಗಿಡದ ಕೆಳಗೆ ಟಾರ್ಪಾಲ್ ಮೇಲೆ ಅಕ್ಕ ಪುಟ್ಟ ತಮ್ಮನನ್ನು ಆಡಿಸುತ್ತಾ ಕೂತಿರುತ್ತಾಳೆ. ಮನೆಯಲ್ಲಿ ನೋಡಿಕೊಳ್ಳುವವರಿಲ್ಲ. ಶಾಲೆ ದಾರಿಯಲ್ಲಿ ಆನೆ ಭಯ ಬೇರೆ. ಸುಮ್ನೆ ತಾಯಂದಿರನ್ನು ದೂರಿದರೆ ಏನು ಬಂತು?

ಕಳೆದ ಸಲ ಸಭೆ ಕರೆದಾಗ ತೋಟದವರು, ಮೇಷ್ಟ್ರು ಮುಂದೆ ಕೂತು ಮಾತಾಡಿದರು. ಯರವ ಹೆಂಗಸರು ಬಾಗಿಲ ಹತ್ತಿರವೇ ನಿಂತು, ಬಾಯಿ ಬಿಡದೆ ಹೋದರು. ಮುಂಗಡ ಸಾಲ ಕೊಟ್ಟ ಮಾಲೀಕರ ಎದುರು ಹೇಗೆ ಮಾತಾಡುತ್ತಾರೆ, ಅಲ್ವಾ? ಅದಕ್ಕೇ ಮೊದಲು ಅವರ ಅಂಗಳದಲ್ಲಿ, ಅವರದೇ ಭಾಷೆಯಲ್ಲಿ ಮಾತಾಗಲಿ. ಆಮೇಲೆ ಎಲ್ಲರೂ ಕೂರೋಣ. ಒಪ್ಪಿಕೊಂಡದ್ದನ್ನು ವಾರ್ಡ್ ಸಭೆಯ ನಡಾವಳಿಯಲ್ಲಿ ಬರೆಸಬೇಕು ಅಂತಿದೆ. ಇಲ್ಲದಿದ್ದರೆ ಕೊಯ್ಲು ಶುರುವಾದ ಮೇಲೆ ಯಾರಿಗೂ ನೆನಪಿರಲ್ಲ.

ಯರವ ಭಾಷೆ ಬಲ್ಲವರು, ಯಾರ ಪರವೂ ವಹಿಸದವರು ಬೇಕು. ಹೆಂಗಸರಾದರೆ ಇನ್ನೂ ಒಳ್ಳೆಯದು. ಓಡಾಟದ ಖರ್ಚು, ಊಟ ನಮ್ಮದು. ಇಂಥ ಮಾತುಕತೆ ನಡೆಸಿದವರಿದ್ದರೆ, ಸುಮ್ಮನಿದ್ದವರು ಬಾಯಿ ಬಿಡುವಂತೆ ಹೇಗೆ ಶುರು ಮಾಡಿದಿರಿ ಅಂತ ದಯವಿಟ್ಟು ತಿಳಿಸಿ.