ಎಫ್‌ಐವಿ ಪಾಸಿಟಿವ್ ಬೆಕ್ಕನ್ನು ಸಾಕಿದವರು ಅನುಭವ ತಿಳಿಸಿ

ಸಪ್ತಾಪುರ, ಧಾರವಾಡ: ನಮ್ಮ ಮಾಳಿಗೆಗೆ ಬರುವ ಗಂಡು ಬೆಕ್ಕಿಗೆ ಎಫ್‌ಐವಿ (ಬೆಕ್ಕಿನ ರೋಗನಿರೋಧಕ ಶಕ್ತಿ ಕುಗ್ಗಿಸುವ ವೈರಸ್) ಪಾಸಿಟಿವ್ ಬಂದಿದೆ. ಮನೆಯಲ್ಲಿ ಎರಡು ಹೆಣ್ಣು ಬೆಕ್ಕುಗಳಿವೆ. ಇದನ್ನೂ ಒಳಗೆ ಸೇರಿಸಿಕೊಳ್ಳಬಹುದೇ?

ಕೇಶ್ವಾಪುರ: ನಾನು ಸಾಕುತ್ತಿದ್ದೇನೆ. ನಮ್ಮ ಕರಿಯನ ಬಾಯಿಯ ಖರ್ಚು ಕೇಳಿ. ವಸಡು ಬಾತು, ಹಸಿದು ತಟ್ಟೆಗೆ ಓಡಿ ಬಂದವನು ಒಂದು ತುತ್ತಿಗೇ ಚೀರಿ ಹಿಂದಕ್ಕೆ ಜಿಗಿಯುತ್ತಿದ್ದ. ಹಲ್ಲು ಸ್ವಚ್ಛ ಮಾಡಿಸಿದ್ದಕ್ಕೆ 3,500 ರೂಪಾಯಿ. ವಸಡು ಮತ್ತೆ ಬಾತಿತು. ಕೊನೆಗೆ ದವಡೆ ಹಲ್ಲುಗಳನ್ನೆಲ್ಲ ಕೀಳಿಸಿದೆ: ಅರಿವಳಿಕೆ, ಎಕ್ಸ್‌ರೇ, ಹೊಲಿಗೆ ಸೇರಿ 16,400. ಆ್ಯಂಟಿಬಯಾಟಿಕ್ 780, ನೋವಿನ ಸಿರಪ್ 420. ಬಿಲ್ಲಿನಲ್ಲಿ ಕೈಗವಸಿಗೂ 60 ಹಾಕಿದ್ದರು! ಆದರೆ ಈಗ ತಟ್ಟೆ ನೆಕ್ಕಿ ಖಾಲಿ ಮಾಡುತ್ತಾನೆ. ಒಂದು ಪೈಸೆಯೂ ದಂಡವಲ್ಲ.

ಗದಗ: ದುಡ್ಡಿದ್ದವರ ಮಾತು ಇದು. ನಾವೂ ಪಾಸಿಟಿವ್ ಬೆಕ್ಕನ್ನು ಕರುಣೆಯಿಂದಲೇ ತಂದಿದ್ದೆವು. ವರ್ಷದೊಳಗೆ ಮನೆಯ ಮೂರೂ ಹೋದವು. ರಕ್ತವಿಲ್ಲದೆ ವಸಡು ಸುಣ್ಣದಂತಾಗಿತ್ತು. ಹುಬ್ಬಳ್ಳಿಗೆ ಬಾಡಿಗೆ ಕಾರು 2,800, ರಕ್ತ ಕೊಡಿಸಲು 7,500, ಮರುದಿನವೇ ಸಾವು. ತರಬೇಡಿ.

ಮಾಳಮಡ್ಡಿ: ಅಕ್ಕಾವರೇ, ಅದು ಬೆಕ್ಕಿನ ಲ್ಯುಕೇಮಿಯಾ ವೈರಸ್ (ರಕ್ತಹೀನತೆ ತರುವ ಬೇರೆಯೇ ವೈರಸ್) ಇದ್ದಿರಬೇಕು. ಅದು ಎಂಜಲಿನಿಂದ, ಒಂದೇ ಬಟ್ಟಲಿನಿಂದ, ಮೈ ನೆಕ್ಕುವುದರಿಂದ ಹಬ್ಬುತ್ತದೆ. ಎಫ್‌ಐವಿ ಹರಡುವುದು ಮುಖ್ಯವಾಗಿ ಆಳವಾದ ಕಚ್ಚುಗಾಯದಿಂದ. ಜಗಳವಾಡದ ಬೆಕ್ಕುಗಳ ನಡುವೆ ಅಪರೂಪ. ನಮ್ಮ ಮರಿಗೆ ಎರಡು ತಿಂಗಳಿದ್ದಾಗ ಪಾಸಿಟಿವ್ ಬಂದಿತ್ತು. ದಯಾಮರಣ ಕೊಡಿಸಿ ಎಂದವರೂ ಇದ್ದರು. ನಾನು ಜಗ್ಗಲಿಲ್ಲ. ಆರು ತಿಂಗಳು ತುಂಬಿದ ಮೇಲೆ ಮತ್ತೆ ನೋಡಿಸಿದರೆ ನೆಗೆಟಿವ್! ಪರೀಕ್ಷೆ ಹಿಡಿಯುವುದು ವೈರಸ್ಸನ್ನಲ್ಲ, ಅದರ ವಿರುದ್ಧ ದೇಹ ತಯಾರಿಸುವ ಪ್ರತಿಕಾಯಗಳನ್ನು. ಮರಿಯಲ್ಲಿದ್ದದ್ದು ತಾಯಿಯ ಹಾಲಿನಿಂದ ಬಂದ ಪ್ರತಿಕಾಯ.

ಗದಗ: ನಮ್ಮ ಬೆಕ್ಕುಗಳು ಏಕೆ ಸತ್ತವು ಎಂದು ಮಾಳಮಡ್ಡಿಯಲ್ಲಿ ಕುಳಿತು ಹೇಳುತ್ತೀರಾ? ಚೀಟಿಯಲ್ಲಿ ಎಫ್‌ಐವಿ ಎಂದೇ ಬರೆದಿತ್ತು.

ಮಾಳಮಡ್ಡಿ: ಲ್ಯುಕೇಮಿಯಾಕ್ಕೂ ನೋಡಿದ್ದರೇ? ಎರಡೂ ಒಟ್ಟಿಗೇ ಇರಬಹುದು. ಉತ್ತರ ಕೊಡಿ, ಸಿಟ್ಟಾಗಬೇಡಿ.

ರಾಣೆಬೆನ್ನೂರು: ನನ್ನ ಹೊಟ್ಟೆಯುರಿ ಬೇರೆ. ಎಫ್‌ಐವಿ ಲಸಿಕೆ ಎಂದು ಹೇಳಿ 1,100 ರೂಪಾಯಿ ಕಿತ್ತುಕೊಂಡರು. ಕಾರ್ಡಿನಲ್ಲಿ ಅಂಟಿಸಿದ್ದು ಸಾಮಾನ್ಯ ಲಸಿಕೆಯ ಚೀಟಿ. 2002ರಲ್ಲಿ ಅಮೆರಿಕದಲ್ಲಿ ಒಂದು ಲಸಿಕೆ ಬಂದಿತ್ತು, ಅಲ್ಲಿಯೇ ಅದನ್ನು ನಿಲ್ಲಿಸಿದ್ದಾರೆ. ಇತ್ತ ನಮ್ಮ ಅತ್ತೆಯವರು ಬೆಕ್ಕಿನ ಏಡ್ಸ್ ಎಂದು ಮೊಮ್ಮಕ್ಕಳನ್ನು ಹತ್ತಿರ ಬಿಡಲಿಲ್ಲ. ಮನುಷ್ಯರಿಗಾಗಲಿ ನಾಯಿಗಾಗಲಿ ಇದು ಅಂಟುವುದಿಲ್ಲ ಎಂದು ವೈದ್ಯರ ಬಾಯಿಂದಲೇ ಹೇಳಿಸಬೇಕಾಯಿತು. ಏನೇ ಹೇಳಿ, ಗಂಡು ಬೆಕ್ಕಿಗೆ ಸಂತಾನಹರಣ ಮಾಡಿಸುವ ಪಾಪಕ್ಕೆ ಮಾತ್ರ ನಾನು ಕೈ ಹಾಕಿಲ್ಲ.

ಕೇಶ್ವಾಪುರ: ಪಾಪವೇ? ರಾತ್ರಿಯೆಲ್ಲ ಓಣಿಯಲ್ಲಿ ಕಾದಾಡಿ ಹತ್ತು ಬೆಕ್ಕುಗಳಿಗೆ ಹಲ್ಲು ನೆಡುವುದು ಪುಣ್ಯವೇ? ರೋಗ ಹಬ್ಬುವುದೇ ಹಾಗೆ. ನಿಮ್ಮದು ಇನ್ನೂ ಹೊರಗೆ ತಿರುಗುತ್ತಿದೆಯೇ?

ರಾಣೆಬೆನ್ನೂರು: ನಮ್ಮದು ಹಳೆಯ ಹೆಂಚಿನ ಮನೆ. ಯಾವ ಸಂದಿಗೆ ಜಾಳಿಗೆ ಬಡಿಯಲಿ? ಪೇಟೆಯ ಫ್ಲ್ಯಾಟಿನಲ್ಲಿ ಕುಳಿತವರಿಗೆ ಇದು ತಿಳಿಯುವುದಿಲ್ಲ.

ಕೇಶ್ವಾಪುರ: ನನ್ನದೂ ಹೆಂಚಿನ ಮನೆಯೇ. ಜಾಳಿಗೆಗೆ 5,200, ಬಡಗಿಯ ಕೂಲಿ 1,800. ಬಡಿಸಿದ್ದೇನೆ.