ಅರ್ಥವಿಲ್ಲದ ಕಾರು

"ಎಡಕ್ಕೆ ಹಾಕು" ಎಂದ ಕಿಟ್ಟಿ.

ನಾನು ಸ್ಟೀರಿಂಗ್ ಹಿಂದೆ ಕೂತು ಇಂಡಿಕೇಟರ್ ಹಾಕಿದೆ. ಟಿಕ್ ಟಿಕ್ ಅಂತ ಶಬ್ದವೇನೋ ಬಂತು. ಕಾರಿನ ಮುಂದೆ ನಿಂತಿದ್ದ ಮೂವರೂ ಬಗ್ಗಿ ನೋಡಿದರು. ಯಾರೂ ಮಾತಾಡಲಿಲ್ಲ.

"ಏನಾಯ್ತ್ರೋ?"

"ಇಂಡಿಕೇಟರ್ ಸುಮ್ನೆ ಕೂತಿದೆ" ಎಂದರು ಡಾಕ್ಟರು. "ಅದರ ಪಕ್ಕದ ಪಾರ್ಕಿಂಗ್ ಲೈಟು ಕಣ್ಣು ಹೊಡೆಯುತ್ತಿದೆ."

"ಹಿಂದಿನ ಮಾಲೀಕ!" ಕಿಟ್ಟಿ ಹಲ್ಲು ಕಡಿದ.

ಕಿಟ್ಟಿಯ ಕಾರಿನಲ್ಲಿ ಏನೇ ಕೆಟ್ಟರೂ ಅದು ಹಿಂದಿನ ಮಾಲೀಕನ ಕೈವಾಡ. ಆ ಪುಣ್ಯಾತ್ಮನ ಮುಖವನ್ನು ಕಿಟ್ಟಿ ನೋಡಿದ್ದು ಒಂದೇ ಸಲ, ದುಡ್ಡು ಎಣಿಸಿ ಕೊಟ್ಟ ದಿನ. ಆದರೂ ಅವನ ಬಗ್ಗೆ ನಮಗೆ ಗೊತ್ತಿಲ್ಲದ್ದು ಯಾವುದೂ ಇಲ್ಲ. ಅವನಿಗೆ ಸ್ಪ್ಯಾನರ್ ಹಿಡಿಯಲು ಬರುವುದಿಲ್ಲ, ಸುತ್ತಿಗೆ ಮಾತ್ರ ಬರುತ್ತದೆ. ತುಕ್ಕು ಕಂಡರೆ ಪುಟ್ಟಿ ಮೆತ್ತುತ್ತಾನೆ. ಕಂದು ವೈರು ಮುಗಿದುಹೋದರೆ ನೀಲಿ ಹಾಕುತ್ತಾನೆ. ಹತ್ತು ಬೋಲ್ಟ್ ಇರಬೇಕಾದ ಕಡೆ ಏಳು ಹಾಕಿ, ಮಿಕ್ಕ ಮೂರನ್ನು ಡಬ್ಬಿಯಲ್ಲಿಟ್ಟು ಮರೆಯುತ್ತಾನೆ. ನಮ್ಮ ಸ್ವಂತ ನೆಂಟರ ಬಗ್ಗೆಯೂ ನಮಗೆ ಇಷ್ಟು ವಿವರ ತಿಳಿದಿಲ್ಲ.

ಕಾರು 1966ರ ಎಂಜಿಬಿ. ಎರಡೇ ಸೀಟು, 1798 ಸಿಸಿ ಇಂಜಿನ್, ಬಟ್ಟೆಯ ಟಾಪು. ಇಂಗ್ಲೆಂಡಿನ ಆಬಿಂಗ್ಡನ್‌ನಲ್ಲಿ 1962ರಿಂದ 1980ರವರೆಗೆ ಇಂಥವು ಐದು ಲಕ್ಷಕ್ಕೂ ಜಾಸ್ತಿ ತಯಾರಾದವು. ಎಂಜಿ ಅಂದರೆ ಮೋರಿಸ್ ಗ್ಯಾರೇಜಸ್. "ಹೆಸರಲ್ಲೇ ಗ್ಯಾರೇಜ್ ಇಟ್ಕೊಂಡು ಹುಟ್ಟಿದೆ. ಇನ್ನೆಲ್ಲಿರುತ್ತೆ ಪಾಪ?" ಎನ್ನುವುದು ಮೇಷ್ಟ್ರ ಹಳೆಯ ಮಾತು. ಅವರು ಗಣಿತ ಹೇಳಿಕೊಟ್ಟು ನಿವೃತ್ತರಾದವರು. ಡಾಕ್ಟರು ಹಲ್ಲಿನವರು. ನನಗೆ ಯಾವ ವಿದ್ಯೆಯೂ ಬರುವುದಿಲ್ಲ. ಹಾಗಾಗಿ ಟಾರ್ಚ್ ಹಿಡಿಯುವ ಕೆಲಸ ನನ್ನದು. ಅದೇನು ಮಹಾ ಎಂದುಕೊಳ್ಳಬೇಡಿ. ರಿಪೇರಿ ಮಾಡುವವನ ತಲೆ ಯಾವಾಗಲೂ ಬೆಳಕಿಗೆ ಅಡ್ಡ ಬರುತ್ತದೆ, ಬೈಗುಳ ಮಾತ್ರ ಟಾರ್ಚಿನವನಿಗೆ ಬರುತ್ತದೆ.

"ಅರ್ಥ್ ಇಲ್ಲ. ಅಷ್ಟೇ" ಎಂದ ಕಿಟ್ಟಿ.

"ಈ ಕಾರಿಗೆ ಅರ್ಥ ಇಲ್ಲ ಅಂತ ನಾನು ಐದು ವರ್ಷದಿಂದ ಹೇಳ್ತಾ ಇದ್ದೀನಿ" ಎಂದರು ಮೇಷ್ಟ್ರು.

"ಆ ಅರ್ಥ ಅಲ್ಲ ಮೇಷ್ಟ್ರೇ."

"ಅರ್ಥ ಅಂದರೆ ದುಡ್ಡು ಅಂತಲೂ ಇದೆ. ಅದೂ ಉಳಿದಿಲ್ಲವಲ್ಲ?"

ಕಿಟ್ಟಿ ನಕ್ಕ ಹಾಗೆ ಮಾಡಿ ವಿಷಯಕ್ಕೆ ಬಂದ. ಈ ಕಾರಿನಲ್ಲಿ ಬಲ್ಬಿಗೆ ಒಂದು ವೈರಿನಲ್ಲಿ ಕರೆಂಟು ಬರುತ್ತದೆ, ಇನ್ನೊಂದು ಕಪ್ಪು ವೈರಿನಲ್ಲಿ ಕಾರಿನ ಬಾಡಿ ಸೇರುತ್ತದೆ. ಅದೇ ಅರ್ಥ್. ಆ ಕಪ್ಪು ವೈರು ಎಲ್ಲೋ ಬಿಟ್ಟುಕೊಂಡಿದ್ದರೆ ಕರೆಂಟು ಸುಮ್ಮನೆ ಕೂರುವುದಿಲ್ಲ. "ನಮ್ಮ ಹಿತ್ತಿಲ ಬಾಗಿಲು ತೆಗೀದಿದ್ರೆ ಪಕ್ಕದ ಮನೆ ಅಂಗಳ ಹಾದು ಹೋಗ್ತೀವಲ್ಲ, ಹಾಗೆ. ಇಂಡಿಕೇಟರ್ ಬಲ್ಬಿನ ಕರೆಂಟು ಪಾರ್ಕಿಂಗ್ ಬಲ್ಬಿನೊಳಗೆ ನುಗ್ಗಿ ಬಾಡಿ ಸೇರ್ತಾ ಇದೆ."

"ತಪ್ಪು" ಎಂದರು ಮೇಷ್ಟ್ರು. "ಇದು ಪಾಸಿಟಿವ್ ಅರ್ಥ್ ಕಾರು ಅಲ್ವಾ? ಹಾಗಾದರೆ ಕರೆಂಟು ಬಾಡಿಯಿಂದ ಹೊರಟು ವೈರಿನಲ್ಲಿ ವಾಪಸ್ ಬರಬೇಕು. ನೀನು ಹೇಳಿದ್ದು ಉಲ್ಟಾ."

ಇದು ನಿಜ. ಈಗಿನ ಕಾರುಗಳಲ್ಲಿ ಬ್ಯಾಟರಿಯ ನೆಗೆಟಿವ್ ತುದಿ ಬಾಡಿಗೆ ಸೇರಿರುತ್ತದೆ. ಎಂಜಿಬಿಯಲ್ಲಿ 1967ರವರೆಗೆ ಪಾಸಿಟಿವ್ ತುದಿ ಸೇರಿರುತ್ತಿತ್ತು. ಬ್ಯಾಟರಿಯೂ ಒಂದಲ್ಲ, ಆರಾರು ವೋಲ್ಟಿನ ಎರಡು. ಅವು ಸೀಟುಗಳ ಹಿಂದೆ, ನೆಲದಡಿಯ ಎರಡು ಗುಂಡಿಗಳಲ್ಲಿ ಅಡಗಿ ಕೂತಿರುತ್ತವೆ. ಈ ಉಲ್ಟಾ ಸಂಬಂಧ ಗೊತ್ತಿಲ್ಲದೆ ಡಾಕ್ಟರು ಒಂದು ಸಲ ತಮ್ಮ ಫೋನ್ ಚಾರ್ಜರ್ ಚುಚ್ಚಿದ್ದರು. ಚಾರ್ಜರ್ ಅಲ್ಲೇ ಕಣ್ಣು ಮುಚ್ಚಿತು. ಅಂದಿನಿಂದ ಅವರು ಈ ಕಾರಿನಲ್ಲಿ ಕೂರುವಾಗ ಫೋನನ್ನು ಜೇಬಿನಿಂದ ತೆಗೆಯುವುದೇ ಇಲ್ಲ.

"ಕರೆಂಟು ಆ ಕಡೆಯಿಂದ ಬರಲಿ, ಈ ಕಡೆಯಿಂದ ಬರಲಿ, ದಾರಿ ಮಧ್ಯೆ ಸೇತುವೆ ಬಿದ್ದಿದೆ" ಎಂದ ಕಿಟ್ಟಿ. "ಗ್ರಿಲ್ ಬಿಚ್ಚೋಣ. ಹಾಫ್ ಇಂಚ್ ಸ್ಪ್ಯಾನರ್ ಕೊಡು."

ನಾನು 13 ಮಿಲಿಮೀಟರಿನದು ಕೊಟ್ಟೆ. ನೋಡಲು ಒಂದೇ ಥರ ಇತ್ತು. ಕಿಟ್ಟಿ ಅದನ್ನು ಹೆಂಡತಿಗೆ ಬಂದ ಪ್ರೇಮಪತ್ರದ ಹಾಗೆ ಎರಡು ಬೆರಳಲ್ಲಿ ಎತ್ತಿ ಹಿಡಿದ.

"ಹಾಫ್ ಇಂಚ್ ಅಂದರೆ 12.7. ನೀನು ಕೊಟ್ಟಿದ್ದು 13. ಆ 0.3ರಲ್ಲೇ ಬೋಲ್ಟಿನ ಮೂಲೆ ಸವೆದು ಗುಂಡಾಗೋದು. ಹಿಂದಿನ ಮಾಲೀಕ ಮಾಡಿದ್ದೂ ಇದನ್ನೇ."

"ಇನ್ನೂ ಹಳೇ ಕಾರು ತಗೊಂಡಿದ್ರೆ ಗೊತ್ತಾಗ್ತಿತ್ತು" ಎಂದು ಡಾಕ್ಟರು ಅವನಿಗೆ ಕೀಲಿ ಕೊಟ್ಟರು. ಅಷ್ಟು ಸಾಕಾಯಿತು, ಕಿಟ್ಟಿ ಗ್ರಿಲ್ ಮರೆತ. ಎಂಜಿಯವರ ಹಳೆಯ ಟಿಸಿ, ಟಿಡಿ ಕಾರುಗಳ ಇಂಜಿನ್ನಿನಲ್ಲಿ ಬೋಲ್ಟಿನ ಮರೆ, ಅಂದರೆ ಕಡ್ಡಿಯ ಮೇಲಿನ ಸುರುಳಿ ಗೀರು, ಮೆಟ್ರಿಕ್, ತಲೆ ಮಾತ್ರ ಇಂಗ್ಲಿಷಿನವರ ವಿಟ್‌ವರ್ತ್ ಅಳತೆ. ಮೋರಿಸ್ ಕಂಪನಿ 1923ರಲ್ಲಿ ಕೊಂಡುಕೊಂಡ ಇಂಜಿನ್ ಕಾರ್ಖಾನೆ ಒಂದು ಫ್ರೆಂಚ್ ಕಂಪನಿಯದು. ಯಂತ್ರಗಳೆಲ್ಲ ಮೆಟ್ರಿಕ್. ಅವನ್ನು ಬದಲಾಯಿಸುವ ಖರ್ಚು ಯಾಕೆ ಅಂತ ಮರೆಯನ್ನು ಹಾಗೇ ಬಿಟ್ಟರು. ಆದರೆ ಇಂಗ್ಲಿಷ್ ಮೆಕ್ಯಾನಿಕ್ ಬಳಿ ಇಂಗ್ಲಿಷ್ ಸ್ಪ್ಯಾನರ್ ತಾನೇ ಇರುತ್ತದೆ? ಅವನಿಗಾಗಿ ತಲೆಯನ್ನು ವಿಟ್‌ವರ್ತ್ ಮಾಡಿದರು. ಆ ಸ್ಪ್ಯಾನರಿನ ಮೇಲೆ ಬರೆದಿರುವುದೂ ತಲೆಯ ಅಳತೆಯಲ್ಲ, ಬೋಲ್ಟಿನ ಕಡ್ಡಿಯ ಅಳತೆ.

"ಟೋಪಿ ಅಂಗಡಿಗೆ ಹೋಗಿ ಸೊಂಟದ ಸುತ್ತಳತೆ ಕೊಟ್ಟ ಹಾಗಾಯ್ತು" ಎಂದರು ಮೇಷ್ಟ್ರು.

ಮೇಷ್ಟ್ರಿಗೆ ಈ ಕಾರಿನಲ್ಲಿ ಇಷ್ಟವಾದದ್ದು ಒಂದೇ ಒಂದು, ಟ್ಯಾಪೆಟ್, ಅಂದರೆ ಇಂಜಿನ್ನಿನ ವಾಲ್ವುಗಳ ಸಂದು ಹೊಂದಿಸುವ ಕೆಲಸ. ಎಂಟು ವಾಲ್ವುಗಳು ಸಾಲಾಗಿ ಇವೆ. ಎಂಟನೆಯದು ಪೂರ್ತಿ ತೆರೆದಿದ್ದಾಗ ಒಂದನೆಯದರ ಸಂದು ನೋಡಬೇಕು. ಏಳು ತೆರೆದಿದ್ದಾಗ ಎರಡು. ಆರಕ್ಕೆ ಮೂರು. ಯಾವಾಗ ಕೂಡಿದರೂ ಒಂಬತ್ತೇ. ಇದನ್ನು ಕೇಳಿದ ದಿನ ಮೇಷ್ಟ್ರು ತಾವೇ ಸಂದು ಅಳೆಯುವ ತೆಳು ಪಟ್ಟಿ, ಫೀಲರ್ ಗೇಜ್, ಕೈಗೆ ತೆಗೆದುಕೊಂಡರು. ಇಂಚಿನ ಸಾವಿರದಲ್ಲಿ 15 ಭಾಗ ಸಂದು, ಇಂಜಿನ್ ತಣ್ಣಗಿದ್ದಾಗ. ನಾವು ಕಾರನ್ನು ಟಾಪ್ ಗೇರಿಗೆ ಹಾಕಿ ಅಂಗುಲ ಅಂಗುಲ ತಳ್ಳುವುದು, ಅವರು "ನಿಲ್ಲಿ! ಐದಕ್ಕೆ ನಾಲ್ಕು!" ಎಂದು ಮಗ್ಗಿ ಒಪ್ಪಿಸುವುದು. ಎಂಟೂ ಮುಗಿದ ಮೇಲೆ ಸಂತೋಷ ತಡೆಯಲಾರದೆ ಇನ್ನೊಂದು ಸಲ ಮೊದಲಿಂದ ಮಾಡಿದರು. ತಳ್ಳುವವರು ನಾವು ತಾನೇ.

ಕಾರ್ಬುರೇಟರಿನ ಕಥೆ ಇಷ್ಟು ಸುಖವಾಗಿರಲಿಲ್ಲ. ಎಸ್‌ಯು ಕಂಪನಿಯವು, ಎರಡಿವೆ. ಅಲ್ಲಿಗೇ ತಿಳಿಯಿರಿ. ಒಂದು ಅಡುಗೆಮನೆ, ಇಬ್ಬರು ಯಜಮಾನಿಯರು. ಎರಡೂ ಒಂದೇ ಸಮ ಗಾಳಿ ಎಳೆಯಬೇಕು. ಅದಕ್ಕೆ ರಬ್ಬರ್ ಕೊಳವೆಯ ಒಂದು ತುದಿ ಕಿವಿಯಲ್ಲಿ, ಇನ್ನೊಂದು ತುದಿ ಕಾರ್ಬುರೇಟರಿನ ಬಾಯಲ್ಲಿ ಇಟ್ಟು 'ಹಿಸ್ಸ್' ಶಬ್ದ ಕೇಳಬೇಕು. ಡಾಕ್ಟರು ಒಂದರ ಹತ್ತಿರ ಬಗ್ಗುವರು, ಇನ್ನೊಂದರ ಹತ್ತಿರ ಬಗ್ಗುವರು, "ಬಲಗಡೇದಕ್ಕೆ ಸ್ವಲ್ಪ ನೆಗಡಿ" ಎನ್ನುವರು. ಕಿಟ್ಟಿ ಸ್ಕ್ರೂ ತಿರುಗಿಸುವನು. ಆಮೇಲೆ ಎಡಗಡೆಯದಕ್ಕೆ ನೆಗಡಿ.

ಗಾಳಿ ಸರಿಹೋದ ಮೇಲೆ ಪೆಟ್ರೋಲ್. ಒಳಗೆ ಒಂದು ಪಿಸ್ಟನ್ ಇರುತ್ತದೆ. ಅದನ್ನು ಒಂದು ಮಿಲಿಮೀಟರಿನಷ್ಟು ಮೆಲ್ಲಗೆ ಎತ್ತಬೇಕು. ಇಂಜಿನ್ ಜೋರಾಗಿ ಹಾಗೇ ಉಳಿದರೆ ಪೆಟ್ರೋಲ್ ಜಾಸ್ತಿ. ಮುಗ್ಗರಿಸಿ ನಿಲ್ಲಲು ಹೊರಟರೆ ಕಮ್ಮಿ. ಒಂದು ಕ್ಷಣ ಏರಿ ಮತ್ತೆ ಮೊದಲಿನ ಹದಕ್ಕೆ ಬಂದರೆ ಸರಿ. ಕೆಳಗಿರುವ ನಟ್ಟಿಗೆ ಆರು ಮುಖ, ಒಂದು ಸಲಕ್ಕೆ ಒಂದು ಮುಖದಷ್ಟೇ ತಿರುಗಿಸಬೇಕು. ನಾವು ಅವತ್ತು ಮೂರು ಗಂಟೆ ತಿರುಗಿಸಿದೆವು. ಕೊನೆಗೆ ಇಂಜಿನ್ ಜೋಗುಳದ ಹಾಗೆ ಗುನುಗತೊಡಗಿತು. ಕಿಟ್ಟಿಯ ಕಣ್ಣು ಒದ್ದೆಯಾಯಿತು. ಆಕ್ಸಿಲರೇಟರ್ ಒತ್ತಿದ್ದೇ ತಡ, ಕೆಮ್ಮಿ ನಿಂತುಬಿಟ್ಟಿತು.

"ಮೇಲಿನ ಡ್ಯಾಶ್‌ಪಾಟಿನಲ್ಲಿ ಎಣ್ಣೆ ಇದೆಯಾ?" ಎಂದು ಮೇಷ್ಟ್ರು ಸುಮ್ನೆ ಕೇಳಿದರು. ಪುಸ್ತಕದ ಮೊದಲ ಪುಟದಲ್ಲೇ ಇತ್ತಂತೆ. ಪಿಸ್ಟನ್ ಧಡಕ್ಕನೆ ಹಾರದ ಹಾಗೆ ಆ ಎಣ್ಣೆ ತಡೆಯುತ್ತದೆ. ಅದಿಲ್ಲದಿದ್ದರೆ ಒತ್ತಿದ ಕೂಡಲೇ ಬರೀ ಗಾಳಿ ನುಗ್ಗುತ್ತದೆ. ಕಿಟ್ಟಿ ಮುಚ್ಚಳ ಬಿಚ್ಚಿ ನೋಡಿದ. ಒಂದರಲ್ಲಿ ತೊಟ್ಟು ಎಣ್ಣೆಯೂ ಇರಲಿಲ್ಲ.

"ಹಿಂದಿನ ಮಾಲೀಕ!"

"ಅವನು ಮಾರಿ ಐದು ವರ್ಷ ಆಯ್ತಲ್ಲೋ" ಎಂದೆ ನಾನು. ಟಾರ್ಚ್ ನೆಟ್ಟಗೆ ಹಿಡಿಯಲು ಹೇಳಿದರು.

ತುಕ್ಕಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಕಿಟ್ಟಿಗೆ ಬೇಜಾರಾಗುತ್ತದೆ. ಈ ಕಾರಿಗೆ ಬೇರೆ ಚಾಸಿ ಇಲ್ಲ, ಬಾಡಿಯೇ ಬೆನ್ನೆಲುಬು. ಗಟ್ಟಿ ಟಾಪು ಇಲ್ಲದ್ದರಿಂದ ಬಾಗಿಲ ಕೆಳಗಿನ ಸಿಲ್‌ಗಳ ಮೇಲೇ ಭಾರವೆಲ್ಲ. ಮೊದಲ ವರ್ಷ ಕಾರನ್ನು ಜಾಕಿನ ಮೇಲೆ ಎತ್ತಿದಾಗ ಡಾಕ್ಟರು ಒಳಗೇ ಕೂತಿದ್ದರು. ಸಿಲ್ ಒಳಗೊಳಗೇ ತಿಂದುಹೋಗಿದ್ದರಿಂದ ಬಾಡಿ ಬಾಗಿತು, ಬಾಗಿಲು ಸಿಕ್ಕಿಕೊಂಡಿತು. ಅವರು ಮೇಲಿನಿಂದ ಹತ್ತಿ ಇಳಿದದ್ದನ್ನು ನಾವು ಯಾರಿಗೂ ಹೇಳಿಲ್ಲ, ಈಗ ನಿಮಗೆ ಬಿಟ್ಟು.

"ಆದರೂ ಒಂದು ಹೇಳ್ತೀನಿ" ಎಂದ ಕಿಟ್ಟಿ, ಗ್ರಿಲ್ ತೆಗೆದು ಗೋಡೆಗೆ ಒರಗಿಸುತ್ತ. "ಈ ಕಾರು ಯಾವತ್ತೂ ನಮ್ಮನ್ನು ದಾರಿಯಲ್ಲಿ ಪೂರ್ತಿ ಕೈಬಿಟ್ಟಿಲ್ಲ. ಆ ಮಳೆ ರಾತ್ರಿ ನೆನಪಿದೆಯಾ?"

ನೆನಪಿಲ್ಲದೆ ಏನು? ಮೂರು ವರ್ಷದ ಹಿಂದಿನದು. ಊರು ಇನ್ನೂ ದೂರ ಇರುವಾಗ ಇಂಜಿನ್ ನಿಂತುಹೋಗಿತ್ತು. ಈ ಕಾರಿನ ಪೆಟ್ರೋಲ್ ಪಂಪು ಕರೆಂಟಿನದು, ಹಿಂದಿನ ಬಲ ಚಕ್ರದ ಹತ್ತಿರ ಬಾಡಿಯ ಅಡಿಯಲ್ಲಿರುತ್ತದೆ. ಕೀ ತಿರುಗಿಸಿದರೆ ಟಕ ಟಕ ಎಂದು ಬಡಿದುಕೊಂಡು, ಕಾರ್ಬುರೇಟರ್ ತುಂಬಿದ ಮೇಲೆ ನಿಲ್ಲುತ್ತದೆ. ಅವತ್ತು ಉಸಿರೇ ಇರಲಿಲ್ಲ. ಒಳಗೆ ಕರೆಂಟು ಕೂಡಿಸಿ ಬಿಡಿಸುವ ಪಾಯಿಂಟ್ ಅಂಟಿಕೊಂಡಿತ್ತು. ಕಿಟ್ಟಿ ಕೆಸರಿನಲ್ಲಿ ಅಂಗಾತ ಮಲಗಿ ಡಾಕ್ಟರ ಬೂಟಿನ ಹಿಮ್ಮಡಿಯಿಂದ ಎರಡು ಏಟು ಕೊಟ್ಟ. ಟಕ ಟಕ ಶುರುವಾಯಿತು. ಒಂದೇ ಬೂಟಿನಲ್ಲಿ ನಿಂತಿದ್ದ ಡಾಕ್ಟರು ಚಪ್ಪಾಳೆ ತಟ್ಟಿದ್ದರು.

"ನನ್ನ ಬೂಟು" ಎಂದರು ಡಾಕ್ಟರು ಹೆಮ್ಮೆಯಿಂದ.

"ಲೈಟೂ ಹೋಗಿತ್ತಲ್ವಾ ಅವತ್ತು?" ಎಂದೆ ನಾನು. "ಅದಕ್ಕೂ ಏನೋ ಮಾಡಿದ್ವಿ."

ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಡಾಕ್ಟರು ತಮ್ಮ ಪುಟ್ಟ ಕನ್ನಡಿ ತೆಗೆದಿದ್ದರು, ಬಾಯೊಳಗೆ ಇಟ್ಟು ನೋಡುವಂಥದ್ದು. ಅದನ್ನು ಎಡಗಡೆ ಲೈಟಿನ ಹಿಂದಕ್ಕೆ ತೂರಿಸಿದರು. ನಾನು ಟಾರ್ಚನ್ನು ಕನ್ನಡಿಗೆ ಬಿಟ್ಟೆ.

"ಕಪ್ಪು ವೈರು ಕಾಣ್ತಿದೆ. ಮಧ್ಯೆ ಏನೋ ಸುತ್ತಿದ್ದಾರೆ. ಹುಳುಕು ಹಲ್ಲಿಗೆ ಹತ್ತಿ ತುರುಕಿದ ಹಾಗಿದೆ."

ಕಿಟ್ಟಿ ಕೈ ಹಾಕಿ ಎಳೆದ. ಎರಡು ತುಂಡು ವೈರಿನ ತುದಿಗಳನ್ನು ಹಗ್ಗದ ಹಾಗೆ ಹೊಸೆದು, ಮೇಲೆ ಪಟ್ಟಿ ಸುತ್ತಿದ್ದರು. ಪಟ್ಟಿ ಮಣ್ಣಿನ ಬಣ್ಣಕ್ಕೆ ತಿರುಗಿತ್ತು. ಬಿಚ್ಚಿದರೆ ಒಳಗಿನ ತಾಮ್ರ ಹಸಿರು ಪುಡಿಯಾಗಿ ಅಂಗೈಗೆ ಉದುರಿತು.

"ನೋಡ್ರಪ್ಪಾ ನೋಡಿ! ಗಾಯಕ್ಕೆ ಹಾಕೋ ಪ್ಲಾಸ್ಟರ್! ಇನ್ಸುಲೇಷನ್ ಟೇಪಿಗೂ ಗತಿ ಇರಲಿಲ್ಲ ಆ ಮಹಾಶಯನಿಗೆ. ಪಕ್ಕದಲ್ಲೇ ಕನೆಕ್ಟರ್ ಬಾಯಿ ತೆರೆದು ಕಾಯ್ತಾ ಇದೆ. ತುದಿಗೆ ಬುಲೆಟ್ ಅನ್ನೋ ಲೋಹದ ಮೊನೆ ಹಾಕಿ ಒಳಗೆ ದೂಡೋದಕ್ಕೆ ಅರ್ಧ ನಿಮಿಷ. ಇಂಥವರ ಕೈಗೆ ಕಾರು ಕೊಡಬಾರದು!"

ಡಾಕ್ಟರು ಪಟ್ಟಿ ಕೊಡು ಎಂದು ಕೈ ಚಾಚಿದರು. ತಿರುಗಿಸಿ ನೋಡಿದರು. ಅದರ ತುದಿಯನ್ನು ಒಂದು ಚೂರು ಒಳಕ್ಕೆ ಮಡಿಚಲಾಗಿತ್ತು.

"ಬಿಚ್ಚೋಕೆ ಸುಲಭ ಆಗಲಿ ಅಂತ ನಾನು ಯಾವಾಗಲೂ ತುದಿ ಮಡಿಚ್ತೀನಿ" ಎಂದರು ಮೆಲ್ಲಗೆ.

ಗ್ಯಾರೇಜಿನಲ್ಲಿ ಸದ್ದಿಲ್ಲ.

"ಮಳೆ ಜೋರಿತ್ತು" ಎಂದ ಕಿಟ್ಟಿ ಸ್ವಲ್ಪ ಹೊತ್ತಾದ ಮೇಲೆ. "ಬೆಳಗ್ಗೆ ಸರಿ ಮಾಡೋಣ ಅಂತ..."

"ವೈರು ಹೊಸೆದವರು ಯಾರು?" ಎಂದರು ಮೇಷ್ಟ್ರು. ಉತ್ತರ ಗೊತ್ತಿದ್ದೂ ಹುಡುಗರನ್ನು ಎದ್ದು ನಿಲ್ಲಿಸಿ ಕೇಳುವ ದನಿ.

ಕಿಟ್ಟಿ ನನ್ನ ಕಡೆ ತಿರುಗಿದ. "ಟಾರ್ಚ್ ಸರಿಯಾಗಿ ಹಿಡಿದಿದ್ರೆ ಅವತ್ತೇ ನೆಟ್ಟಗೆ ಆಗ್ತಿತ್ತು."

ಹೊಸ ಬುಲೆಟ್ ಹಾಕಿ, ಕನೆಕ್ಟರನ್ನು ಮರಳು ಕಾಗದದಲ್ಲಿ ತಿಕ್ಕಿ, ವೈರು ಒಳಗೆ ದೂಡಿದ. ಅರ್ಧ ನಿಮಿಷವೇ ಹಿಡಿಯಿತು. ನಾನು ಮತ್ತೆ ಸ್ಟೀರಿಂಗ್ ಹಿಂದೆ ಕೂತೆ.

"ಎಡಕ್ಕೆ ಹಾಕು."

ಹಾಕಿದೆ. "ಬಂತು! ಬಂತು!" ಎಂದು ಮೂವರೂ ಕೂಗಿದರು.

"ಈಗ ಬಲಕ್ಕೆ."

ಹಾಕಿದೆ. ಮೂವರೂ ಬಗ್ಗಿ ನೋಡಿದರು. ಯಾರೂ ಮಾತಾಡಲಿಲ್ಲ.

"ಇದು ಮಾತ್ರ" ಎಂದ ಕಿಟ್ಟಿ, "ದೇವರಾಣೆ ಹಿಂದಿನ ಮಾಲೀಕಂದು."