ಬ್ರೇಕ್ ಲಿವರ್ ಹತ್ತಿರ ಬಟ್ಟೆ ಟೇಪ್ ಸುತ್ತಿದರೆ ಸಂದಿ ಉಳಿಯುತ್ತಿದೆ, ಏನು ಮಾಡಬೇಕು?

ಜಮಖಂಡಿ ಸವಾರ:
ಎಲ್ಲರಿಗೂ ನಮಸ್ಕಾರ. ನಮ್ಮ ಕಾಕಾ ಹಿಂದೆ ರೇಸ್‌ಗೆ ಓಡಿಸುತ್ತಿದ್ದ ಸ್ಟೀಲ್ ಸೈಕಲ್ ಈಗ ನನ್ನ ಕೈಗೆ ಬಂದಿದೆ. ಟಗರಿನ ಕೊಂಬಿನ ಹಾಗೆ ಕೆಳಗೆ ಬಾಗಿದ ಹ್ಯಾಂಡಲ್. ಅದರ ಮೇಲಿದ್ದ ಫೋಮ್ ಟೇಪ್ ನಮ್ಮ ಕಡೆಯ ಬಿಸಿಲಿಗೆ ಅಂಟಂಟಾಗಿ, ಮುಟ್ಟಿದರೆ ಪುಡಿಯಾಗಿ ಉದುರುತ್ತಿತ್ತು. ಕಿತ್ತು ಹಾಕಿದೆ. ಕಾಕಾ "ನಮ್ಮ ಕಾಲದಲ್ಲಿ ಬಟ್ಟೆ ಟೇಪೇ ಸುತ್ತುತ್ತಿದ್ದೆವು, ಬೆವರಿಗೆ ಅದೇ ಒಳ್ಳೆಯದು" ಅಂದರು. ಅದಕ್ಕೆ ಟೇಲರಿಂಗ್ ಸಾಮಾನಿನ ಅಂಗಡಿಯಿಂದ ಎರಡು ಸೆಂಟಿಮೀಟರ್ ಅಗಲದ ಕಾಟನ್ ಟೇಪ್ ತಂದೆ.

ನೇರ ಜಾಗದಲ್ಲಿ ಚೆನ್ನಾಗಿ ಕೂರುತ್ತದೆ. ತೊಂದರೆ ಇರುವುದು ಬ್ರೇಕ್ ಲಿವರ್ ಹತ್ತಿರ. ಲಿವರ್ ದಾಟಿಸಿ ಮೇಲಕ್ಕೆ ಒಯ್ದರೆ ಎರಡೂ ಪಕ್ಕ ಮೂರು ಮೂಲೆಯ ಸಂದಿ ಬಿಟ್ಟು ಹ್ಯಾಂಡಲ್‌ನ ಕಬ್ಬಿಣ ಕಾಣುತ್ತದೆ, ಸಂದಿ ಮುಚ್ಚೋಣ ಅಂತ ಇನ್ನೊಂದು ಸುತ್ತು ಹಾಕಿದರೆ ಅಲ್ಲೇ ಮುದ್ದೆಯಾಗಿ, ಲಿವರ್ ಬುಡವನ್ನು ಮುಚ್ಚುವ ರಬ್ಬರ್ ಹುಡ್ ಸರಿಯಾಗಿ ಇಳಿಯುವುದಿಲ್ಲ. ಫೋಮ್ ಟೇಪ್ ಆದರೆ ಎಳೆದರೆ ಹಿಗ್ಗುತ್ತದೆ, ಇದು ಒಂದಿಷ್ಟೂ ಹಿಗ್ಗುವುದಿಲ್ಲ. ಯಾರಾದರೂ ಬಟ್ಟೆ ಟೇಪ್ ಸುತ್ತಿದವರು ಇದ್ದೀರಾ? ಕೆಳಗಿನಿಂದ ಶುರು ಮಾಡಬೇಕಾ, ಮೇಲಿನಿಂದಾ?

ನವನಗರದ ಮೆಕ್ಯಾನಿಕ್:
ಟೇಪ್ ಬದಿಗಿಡಿ ತಮ್ಮಾ. ಮೊದಲು ಲಿವರ್ ಎಲ್ಲಿರಬೇಕು ಅಂತ ತೀರ್ಮಾನ ಮಾಡಿ. ಸೈಕಲ್ ಮೇಲೆ ಕೂತು ನೋಡಿ, ಎರಡೂ ಒಂದೇ ಎತ್ತರದಲ್ಲಿವೆಯಾ, ಬೆರಳು ಆರಾಮಾಗಿ ಬ್ರೇಕ್‌ಗೆ ಎಟಕುತ್ತದಾ. ಆಮೇಲೆ ಲಿವರನ್ನು ಹ್ಯಾಂಡಲ್‌ಗೆ ಹಿಡಿದಿಡುವ ಕ್ಲಾಂಪ್ ಬಿಗಿ ಮಾಡಿ. ಟೇಪ್ ಸುತ್ತಿದ ಮೇಲೆ ಲಿವರ್ ಅರ್ಧ ಇಂಚು ಸರಿಸಬೇಕೆಂದರೂ ಎಲ್ಲಾ ಬಿಚ್ಚಬೇಕಾಗುತ್ತದೆ. ಹ್ಯಾಂಡಲ್ ಮೇಲಿನ ಹಳೆಯ ಅಂಟು ಸ್ಪಿರಿಟ್ ಹಾಕಿ ಒರೆಸಿ. ರಬ್ಬರ್ ಹುಡ್ ಹಿಂದಿನ ಅಂಚನ್ನು ಮುಂದಕ್ಕೆ ಮಡಚಿ ಇಡಿ. ಹಳೆ ರಬ್ಬರ್ ಆದರೆ ನಿಧಾನ, ಹರಿಯುತ್ತದೆ.

ಈಗ ಸಂದಿಯ ವಿಷಯ. ಏಳೆಂಟು ಸೆಂಟಿಮೀಟರ್ ಉದ್ದದ ಒಂದು ತುಂಡು ಟೇಪ್ ಕತ್ತರಿಸಿ, ಲಿವರ್ ಹಿಂಬದಿ ಕ್ಲಾಂಪ್ ಪಟ್ಟಿಯ ಮೇಲೆ ಅಡ್ಡ ಇಡಿ. ಅದರ ಎರಡೂ ತುದಿ ಹುಡ್ ಒಳಗೆ ಹೋಗಬೇಕು. ಇಷ್ಟು ಮಾಡಿದರೆ ಕಬ್ಬಿಣ ಕಾಣುವುದಿಲ್ಲ. ಆಮೇಲೆ ಕೆಳಗಿನಿಂದ ಸುತ್ತುತ್ತಾ ಬಂದ ಟೇಪನ್ನು ಲಿವರ್ ಕೆಳಗೆ ಮುಂದಿನಿಂದ ಒಮ್ಮೆ ತಂದು, ಹಿಂಬದಿಯಲ್ಲಿ ಓರೆಯಾಗಿ ಮೇಲಕ್ಕೆ ಹತ್ತಿಸಿ, ಲಿವರ್ ಮೇಲ್ಗಡೆ ಮುಂದಿನಿಂದ ದಾಟಿಸಿ. ಅಷ್ಟೇ. ಬಟ್ಟೆ ಹಿಗ್ಗುವುದಿಲ್ಲ, ಹಾಗಾಗಿ ಎಳೆದು ಕೂರಿಸಲು ಹೋಗಬೇಡಿ, ಟೇಪಿನ ಓರೆ ಬದಲಿಸಿ ಕೂರಿಸಬೇಕು. ಬಾಗಿದ ಜಾಗದಲ್ಲಿ ಒಳಬದಿಗೆ ಒಂದರ ಮೇಲೊಂದು ಜಾಸ್ತಿ ಬೀಳುತ್ತದೆ, ಹೊರಬದಿಗೆ ಕಡಿಮೆ. ಹೊರಬದಿ ನೋಡುತ್ತಾ ಸುತ್ತಿ, ಒಳಬದಿ ತಾನೇ ಸರಿಹೋಗುತ್ತದೆ.

ದಿಕ್ಕು ಬೇಕಾದರೆ, ಕೆಳಗಿನ ಕೊಂಬಿನಲ್ಲಿ ಒಳಗಿನಿಂದ ಹೊರಕ್ಕೆ ಸುತ್ತಿ. ಅಂದರೆ ಹಿಂದೆ ನಿಂತು ನೋಡಿದರೆ ಬಲಗೈ ಕಡೆ ಗಡಿಯಾರದ ಮುಳ್ಳು ತಿರುಗುವ ಹಾಗೆ, ಎಡಗೈ ಕಡೆ ಅದರ ಉಲ್ಟಾ. ಜೋರಾಗಿ ತುಳಿಯುವಾಗ ಕೈ ಹೊರಗಡೆಗೆ ತಿರುಚುತ್ತದೆ, ಹೀಗೆ ಸುತ್ತಿದರೆ ಆಗ ಟೇಪ್ ಇನ್ನೂ ಬಿಗಿಯಾಗುತ್ತದೆ.

ಗುಮ್ಮಟದ ನೆರಳು:
ಮೇಲಿನವರು ಹೇಳಿದ ತುಂಡಿನ ಉಪಾಯ ದಪ್ಪ ಟೇಪಿಗೆ ಬೇಕೇ ಬೇಕು. ಆದರೆ ಬಟ್ಟೆ ಟೇಪಿಗೆ ನಾನು ತುಂಡು ಇಡುವುದಿಲ್ಲ, 8 ಆಕಾರದಲ್ಲಿ ಸುತ್ತುತ್ತೇನೆ. ಬಟ್ಟೆ ಎಷ್ಟು ತೆಳು ಅಂದರೆ ಎರಡು ಮೂರು ಪದರ ಬಿದ್ದರೂ ಹುಡ್ ಇಳಿಯುತ್ತದೆ. ಓರೆಯಾಗಿ ಮೇಲೆ ಹತ್ತಿಸಿ, ಲಿವರ್ ಮೇಲಿಂದ ದಾಟಿಸಿ, ಹಿಂಬದಿಯಲ್ಲೇ ಮತ್ತೆ ಓರೆಯಾಗಿ ಕೆಳಗಿಳಿಸಿ, ಲಿವರ್ ಕೆಳಗಿಂದ ದಾಟಿಸಿ, ಇನ್ನೊಮ್ಮೆ ಮೇಲಕ್ಕೆ. ಹಿಂದೆ ಗುಣಾಕಾರ ಚಿಹ್ನೆ ಬಿದ್ದಿರಬೇಕು. ಎರಡೂ ಪಕ್ಕದ ಸಂದಿ ಮುಚ್ಚುತ್ತದೆ, ಜಾರುವ ತುಂಡಿನ ತಲೆನೋವೂ ಇಲ್ಲ. ನಿಮ್ಮದು ಮುದ್ದೆಯಾಗುತ್ತಿದೆ ಅಂದರೆ ಒಂದೋ ಟೇಪ್ ದಪ್ಪ ಇರಬೇಕು, ಇಲ್ಲಾ ಹಿಂದೆ ಓರೆ ಸಾಲದೆ ಒಂದೇ ಜಾಗದಲ್ಲಿ ಪದರ ಕೂಡುತ್ತಿರಬೇಕು.

ಟೇಪ್ ಎಷ್ಟು ಉದ್ದ ತಂದಿದ್ದೀರಿ? ಲಿವರ್ ಕೂರುವ ಜಾಗದಲ್ಲಿ ಹ್ಯಾಂಡಲ್ ಸಾಮಾನ್ಯವಾಗಿ 23.8 ಮಿಲಿಮೀಟರ್ ದಪ್ಪ. ಒಂದು ಸುತ್ತಿಗೆ ಸುಮಾರು 75 ಮಿಲಿಮೀಟರ್ ಟೇಪ್ ಬೇಕು. ಮೂರು ಮೀಟರ್ ಇದ್ದರೆ 40 ಸುತ್ತು ಬರುತ್ತದೆ. 20 ಮಿಲಿಮೀಟರ್ ಅಗಲದಲ್ಲಿ 6 ಮಿಲಿಮೀಟರ್ ಒಂದರ ಮೇಲೊಂದು ಹೋದರೆ ಒಂದೊಂದು ಸುತ್ತಿಗೆ 14 ಮುಂದೆ ಹೋಗುತ್ತೀರಿ, ಒಟ್ಟು 56 ಸೆಂಟಿಮೀಟರ್. ನಿಮ್ಮ ಹ್ಯಾಂಡಲ್‌ನ ಒಂದು ಬದಿ ಎಷ್ಟಿದೆ ಅಂತ ದಾರ ಹಿಡಿದು ಅಳೆದುಕೊಳ್ಳಿ, 8 ಹಾಕುವುದಕ್ಕೆ ಎರಡು ಸುತ್ತು ಜಾಸ್ತಿ ಇಟ್ಟುಕೊಳ್ಳಿ. ಮೇಲೆ ಹೋದಾಗ ನಾಲ್ಕು ಬೆರಳು ಕಡಿಮೆ ಬಿದ್ದರೆ ಬರುವ ಸಿಟ್ಟು ಬೇರೆ ಯಾವುದಕ್ಕೂ ಬರುವುದಿಲ್ಲ.

ಗುಳೇದಗುಡ್ಡದ ಅಕ್ಕ:
ನಾನು ಸೈಕಲ್ ರಿಪೇರಿಯವಳಲ್ಲ, ಹೊಲಿಗೆಯವಳು. ಮಗ ವಿಜಯಪುರದಲ್ಲಿ ಸೈಕ್ಲಿಂಗ್ ಪ್ರಾಕ್ಟೀಸ್ ಮಾಡುತ್ತಾನೆ, ಹಾಗಾಗಿ ಈ ಟೇಪಿನ ಗೋಳು ನಮ್ಮ ಮನೆಯಲ್ಲೂ ಇದೆ. ಬಟ್ಟೆ ಹಿಗ್ಗುವುದಿಲ್ಲ ಅಂತ ಎಲ್ಲರೂ ಬರೆದಿದ್ದೀರಿ. ಉದ್ದಕ್ಕೆ ಎಳೆದರೆ ಹಿಗ್ಗುವುದಿಲ್ಲ, ನಿಜ. ಆದರೆ ಬ್ಲೌಸಿನ ಕೊರಳಿಗೆ ಹಾಕುವ ಕ್ರಾಸ್ ಪಟ್ಟಿ ಹೇಗೆ ಬಾಗುತ್ತದೆ ನೋಡಿದ್ದೀರಾ? ಬಟ್ಟೆಯನ್ನು ಮೂಲೆಯಿಂದ ಮೂಲೆಗೆ ಓರೆಯಾಗಿ ಕತ್ತರಿಸಿದರೆ ಅದೇ ಕಾಟನ್ ಹಿಗ್ಗುತ್ತದೆ.

ಲಿವರ್ ಹಿಂದೆ ಇಡುವ ಆ ಸಣ್ಣ ತುಂಡನ್ನು ಮಾತ್ರ ಹೀಗೆ ಕ್ರಾಸ್‌ನಲ್ಲಿ ಕತ್ತರಿಸಿ. ಅದೇ ಬಣ್ಣದ ಗಟ್ಟಿ ಕಾಟನ್ ಇರಲಿ. ಉಬ್ಬಿದ ಜಾಗಕ್ಕೆ ಚರ್ಮದ ಹಾಗೆ ಅಂಟಿ ಕೂರುತ್ತದೆ, ಸುಕ್ಕು ಬೀಳುವುದಿಲ್ಲ. ಕತ್ತರಿಸಿದ ಅಂಚಿನಿಂದ ನೂಲು ಬಿಡುತ್ತದೆ ಅಂತ ಭಯ ಬೇಡ, ನಾಲ್ಕೂ ಅಂಚು ಟೇಪ್ ಮತ್ತು ರಬ್ಬರ್ ಒಳಗೆ ಮುಚ್ಚಿಹೋಗುತ್ತದೆ. ಪೂರ್ತಿ ಹ್ಯಾಂಡಲ್‌ಗೆ ಮಾತ್ರ ಕತ್ತರಿಸಿದ ಬಟ್ಟೆ ಬೇಡ. ಎರಡೂ ಕಡೆ ನೇಯ್ದ ಅಂಚು ಇರುವ ಟೇಪೇ ಬೇಕು, ಇಲ್ಲದಿದ್ದರೆ ಬೇಗನೆ ಕುಚ್ಚು ಕುಚ್ಚಾಗುತ್ತದೆ.

ಜಮಖಂಡಿ ಸವಾರ:
ಅಕ್ಕಾರೆ, ಇದು ನಮಗೆ ಯಾರಿಗೂ ಹೊಳೆಯುವ ಮಾತೇ ಅಲ್ಲ! ಇವತ್ತೇ ಕತ್ತರಿಸುತ್ತೇನೆ. ಇನ್ನೆರಡು ಪ್ರಶ್ನೆ ಇವೆ. ಈ ಟೇಪಿಗೆ ಅಂಟಿಲ್ಲ, ಜಾರುವುದಿಲ್ಲವಾ? ಮುಧೋಳ ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರ್ ಸೀಸನ್ನಿನಲ್ಲಿ ಬರೀ ಧೂಳು, ಬಿಳಿ ಟೇಪ್ ನಾಲ್ಕು ದಿನದಲ್ಲಿ ಮಣ್ಣಿನ ಬಣ್ಣವಾಗುತ್ತದೆ ಅನ್ನಿಸುತ್ತದೆ. ಮತ್ತೆ ಬ್ರೇಕ್ ವೈರ್ ಲಿವರ್ ತಲೆಯ ಮೇಲಿಂದ ಹೊರಗೆ ಬರುತ್ತದೆ, ಅದನ್ನು ಟೇಪಿನ ಒಳಗೆ ಹಾಕಬೇಕಾ?

ನವನಗರದ ಮೆಕ್ಯಾನಿಕ್:
ತಲೆಯ ಮೇಲಿಂದ ಬರುವ ವೈರ್ ಹಳೆಯ ಮಾದರಿ. ಅದನ್ನು ಟೇಪಿನೊಳಗೆ ಸೇರಿಸಬಾರದು, ಹೊರಗೇ ಇರಲಿ. ಲಿವರ್ ಪಕ್ಕದಿಂದ ಹೊರಟು ಹ್ಯಾಂಡಲ್ ಗುಂಟ ಹೋಗುವ ವೈರ್ ಆದರೆ ಮಾತ್ರ ಮೊದಲು ಅಲ್ಲಲ್ಲಿ ಇನ್ಸುಲೇಶನ್ ಟೇಪ್ ಹಾಕಿ ಹ್ಯಾಂಡಲ್‌ಗೆ ಕಟ್ಟಿ, ಆಮೇಲೆ ಮೇಲೆ ಸುತ್ತುತ್ತಾರೆ. ನಿಮ್ಮ ಕೆಲಸ ಸುಲಭವಾಯಿತು.

ಅಂಟಿಗೆ ಎರಡೂ ಕಡೆ ಅಂಟಿರುವ ತೆಳು ಟೇಪನ್ನು ಹ್ಯಾಂಡಲ್ ಉದ್ದಕ್ಕೂ ಒಂದು ಸಾಲು ಹಚ್ಚಿ. ಪಂಕ್ಚರ್ ಸೊಲ್ಯೂಶನ್ ಬೇಡ, ಮುಂದಿನ ಸಲ ಬಿಚ್ಚುವವನು ಶಾಪ ಹಾಕುತ್ತಾನೆ. ಆ ಬಿಚ್ಚುವವನು ಬಹುತೇಕ ನಾನೇ ಆಗಿರುತ್ತೇನೆ.

ಖಾನಾಪುರ ಘಾಟ್:
ಧೂಳಿಗೆ ಮದ್ದು ಅರಗು. ಬಾಗಿಲು, ಕುರ್ಚಿಗೆ ಪಾಲಿಶ್ ಹೊಡೆಯುವವರು ಬಳಸುವ ಅರಗಿನ ಚಕ್ಕೆ ಬೆಳಗಾವಿಯಲ್ಲಿ ಪೇಂಟ್ ಅಂಗಡಿಗಳಲ್ಲಿ ಸಿಗುತ್ತದೆ. ಚನ್ನಪಟ್ಟಣದ ಗೊಂಬೆಗೆ ಹೊಳಪು ಬರುವುದೂ ಅರಗಿನಿಂದಲೇ. ಸ್ಪಿರಿಟ್‌ನಲ್ಲಿ ರಾತ್ರಿ ನೆನೆಹಾಕಿದರೆ ಕರಗುತ್ತದೆ. ಸುತ್ತಿದ ಟೇಪಿನ ಮೇಲೆ ಬ್ರಶ್‌ನಿಂದ ತೆಳುವಾಗಿ ಹಚ್ಚಿ, ಒಣಗಿದ ಮೇಲೆ ಇನ್ನೊಂದು ಕೈ. ರಬ್ಬರ್ ಹುಡ್‌ಗೆ ತಾಗಿಸಬೇಡಿ. ಒಲೆ ಹತ್ತಿರ ಅಂತೂ ಈ ಕೆಲಸ ಬೇಡವೇ ಬೇಡ, ಸ್ಪಿರಿಟ್ ಭಗ್ ಅನ್ನುತ್ತದೆ. ಬಿಳಿ ಟೇಪ್ ಜೇನಿನ ಬಣ್ಣಕ್ಕೆ ತಿರುಗುತ್ತದೆ, ನೀರು ಬೇಗ ಹೀರುವುದಿಲ್ಲ, ಕೊಳೆಯಾದರೆ ಒದ್ದೆ ಬಟ್ಟೆಯಲ್ಲಿ ಒರೆಸಬಹುದು. ಕೈಗೆ ಸ್ವಲ್ಪ ಗಟ್ಟಿ ಅನ್ನಿಸುತ್ತದೆ. ಮೆತ್ತಗೇ ಬೇಕು ಅನ್ನುವವರು ಅರಗು ಬಿಟ್ಟು ಕಪ್ಪು ಟೇಪ್ ತಗೊಳ್ಳಿ.

ಶುರು ಎಲ್ಲಿಂದ ಅಂತ ಕೇಳಿದ್ದಿರಿ, ಅದಕ್ಕೆ ಯಾರೂ ನೇರ ಉತ್ತರ ಕೊಟ್ಟಿಲ್ಲ. ಮೇಲಿನಿಂದ ಸುತ್ತಿದರೆ ಕೊನೆ ತುದಿಯನ್ನು ಹ್ಯಾಂಡಲ್ ಕೊಳವೆಯೊಳಗೆ ತುರುಕಿ, ಅದರ ಬಾಯಿ ಮುಚ್ಚುವ ಪ್ಲಗ್ ಒತ್ತಬಹುದು, ನೋಡಲು ಚೆಂದ. ಆದರೆ ಮಡಿಕೆಯ ಅಂಚು ಮೇಲ್ಮುಖವಾಗಿರುತ್ತದೆ, ಕೈ ಕೆಳಕ್ಕೆ ಜಾರಿದಾಗಲೆಲ್ಲ ಅಂಚು ಸುರುಳಿ ಏಳುತ್ತದೆ. ಅರಗು ಹಚ್ಚುವುದಾದರೆ ಮೇಲಿನಿಂದ ಶುರು ಮಾಡಿ, ಅಂಚು ಅಂಟಿಕೊಂಡಿರುತ್ತದೆ. ಹಚ್ಚದಿದ್ದರೆ ಕೆಳಗಿನಿಂದಲೇ ಸುತ್ತಿ, ಮೇಲಿನ ತುದಿಗೆ ಗಟ್ಟಿ ದಾರ ಸುತ್ತಿ ಕಟ್ಟಿ.

ಗುಮ್ಮಟದ ನೆರಳು:
ಪ್ಲಗ್ ಮಾತು ಬಂತು ಅಂತ ಹೇಳುತ್ತೇನೆ, ಅದಿಲ್ಲದೆ ರಸ್ತೆಗೆ ಇಳಿಯಬೇಡಿ. ಬಿದ್ದಾಗ ಬಾಯಿ ತೆರೆದ ಕೊಳವೆ ತೊಡೆಗೋ ಹೊಟ್ಟೆಗೋ ನಾಟುತ್ತದೆ. ರೇಸ್‌ನಲ್ಲೂ ಪ್ಲಗ್ ಇಲ್ಲದ ಹ್ಯಾಂಡಲ್ ನಡೆಯುವುದಿಲ್ಲ. ಕಾಕಾನ ಸೈಕಲ್‌ನದು ಕಳೆದುಹೋಗಿದ್ದರೆ ಬಾಟಲಿ ಬಿರಡೆಯನ್ನು ಅಳತೆಗೆ ಕೆತ್ತಿ ಒತ್ತಿ, ಹೊಸದು ಸಿಗುವ ತನಕ ಸಾಕು.